ತುಂಬಿದ ಕಾಯಿಯ ಬೀಜ

12 ಫೆಬ್ರವರಿ 2016

ಕಡ್ಡಿಗೆ,

ನಿನ್ನ ಪಾರ್ಸೆಲ್ ನಿನ್ನೆ ಗಾಜುಮನೆಗೆ ಬಂತು. ಬೀಜ ಕಳಿಸಿದ್ದೀಯೋ ಧೂಳು ಕಳಿಸಿದ್ದೀಯೋ ಗೊತ್ತಾಗದೆ ಕನ್ನಡಕ ಒರೆಸಿಕೊಂಡು ಮೂರು ಸಲ ನೋಡಿದೆ. ಸಾಸಿವೆಯ ದಾಯಾದಿ ಅಂತ ಬರೆದಿದ್ದೀಯ. ಇದರ ಮುಂದೆ ಸಾಸಿವೆಯೇ ಕುಂಬಳಕಾಯಿ! ಒದ್ದೆ ಕುಂಚದ ತುದಿಯಲ್ಲಿ ಒಂದೊಂದೇ ಎತ್ತಿ ನಲವತ್ತು ಕುಂಡಕ್ಕೆ ಹಾಕುವಷ್ಟರಲ್ಲಿ ಕತ್ತು ಹಿಡಿದುಕೊಂಡಿತು.

ಮೇಲ್ವಿಚಾರಕರು ಬಂದು, "ಅಣ್ಣನ ಮಗಳ ಗಿಡ ಅಂತ ಜಾಸ್ತಿ ಮುದ್ದು ಮಾಡಬೇಡಿ ಅಮ್ಮ" ಅಂದರು. "ಇಪ್ಪತ್ತೆಂಟು ವರ್ಷದಲ್ಲಿ ಈ ಮನೇಲಿ ಒಂದು ಚೀಟಿ ಅದಲುಬದಲಾಗಿಲ್ಲ ಸಾರ್, ಇನ್ನು ಮುದ್ದು ಜಾಸ್ತಿ ಆಗತ್ತಾ?" ಅಂದೆ. ಬಂದ ದಾರಿಗೆ ಸುಂಕವಿಲ್ಲ ಅಂತ ಹೋದರು.

ಚೀಟಿ ಅಂದಮೇಲೆ ನೆನಪಾಯಿತು. ನಲವತ್ತು ಚೀಟಿಯ ಮೇಲೂ "ಬಂಜೆ ಸಾಲು" ಅಂತ ಬರೆದು ನಂಬರು ಹಾಕಿದ್ದೀಯ. ನಿಮ್ಮ ಲ್ಯಾಬಿನಲ್ಲಿ ಹಾಗೆ ಹೇಳುತ್ತೀರೇನೋ. ನೀರು ಬಿದ್ದು ಶಾಯಿ ಅಳಿಯದಿರಲಿ ಅಂತ ಎಲ್ಲವನ್ನೂ ಗೋಡೆ ಕಡೆ ತಿರುಗಿಸಿ ಚುಚ್ಚಿದ್ದೇನೆ.

ಈ ಗಿಡಕ್ಕೆ ಏನಾಗಿದೆ? ಕಾಯಿಲೆಯಾ? ಗೊತ್ತಿದ್ದರೆ ನೋಡಿಕೊಳ್ಳುವುದಕ್ಕೆ ಸುಲಭ. ಫೋನ್ ಮಾಡಬೇಡ. ನನ್ನ ಕಿವಿಗೆ ಕೇಳಿಸುವಷ್ಟು ಜೋರಾಗಿ ನೀನು ಮಾತಾಡಿದರೆ ಇಡೀ ಆಫೀಸಿಗೆ ಕೇಳಿಸುತ್ತದೆ. ಬೀಜದ ವ್ಯಾನಿನಲ್ಲಿ ಪತ್ರ ಹಾಕು. ಹೊತ್ತಿಗೆ ಸರಿಯಾಗಿ ಉಣ್ಣು.

ಅತ್ತೆ

24 ಫೆಬ್ರವರಿ 2016

ಅತ್ತೆಗೆ,

ಕಾಯಿಲೆ ಅಲ್ಲ, ನಾನೇ ಮಾಡಿದ ಕಿತಾಪತಿ. ನಿಧಾನಕ್ಕೆ ಹೇಳುತ್ತೇನೆ, ಬೈಯದೆ ಓದು.

ಗಿಡದ ಒಂದೊಂದು ಜೀವಕೋಶದಲ್ಲೂ ವಂಶದ ಬರಹದ ಎರಡು ಪ್ರತಿ ಇರುತ್ತವೆ, ತಾಯಿ ಕಡೆಯದು ಒಂದು, ತಂದೆ ಕಡೆಯದು ಒಂದು. ಪರಾಗ ತಯಾರಾಗುವಾಗ ಅದನ್ನು ಅರ್ಧ ಮಾಡಿ ಹಂಚಬೇಕು. ಮೊಗ್ಗು ಇನ್ನೂ ಗಸಗಸೆಯಷ್ಟು ಇರುವಾಗಲೇ ಈ ಕೆಲಸ ನಡೆಯುತ್ತದೆ. ಹಂಚುವ ಮುಂಚೆ ಗಿಡ ಒಂದು ಹುಚ್ಚು ಸಾಹಸ ಮಾಡುತ್ತದೆ. ತನ್ನ ಡಿಎನ್ಎಯನ್ನು ತಾನೇ ನೂರಾರು ಕಡೆ ಕತ್ತರಿಸಿಕೊಳ್ಳುತ್ತದೆ! ಆಮೇಲೆ ಪಕ್ಕದ ಪ್ರತಿಯನ್ನು ನೋಡಿಕೊಂಡು, ಹರಿದದ್ದನ್ನೆಲ್ಲ ಹೊಲಿದುಕೊಳ್ಳುತ್ತದೆ. ಹೊಲಿಯುವಾಗ ಅಮ್ಮನದು ಸ್ವಲ್ಪ, ಅಪ್ಪನದು ಸ್ವಲ್ಪ ಬೆರೆಯುತ್ತದೆ. ನಮ್ಮಲ್ಲೂ ಹಾಗೇ. ನಿಮ್ಮ ಮನೆಯ ಮೂಗು ನನಗೆ ಬಂದು ಅಪ್ಪನ ಸಿಟ್ಟು ಬಾರದೇ ಹೋದದ್ದು ಇಂಥ ಹೊಲಿಗೆಯಿಂದಲೇ.

ಆ ಹೊಲಿಗೆಗೆ ಬೇಕಾದ ಒಂದು ಜೀನ್ ಇದೆ. ನಾನು ಅದರ ಬಾಯಿ ಮುಚ್ಚಿಸಿದ್ದೇನೆ. ಕಿತ್ತು ಹಾಕಿಲ್ಲ, ಇದ್ದ ಜಾಗದಲ್ಲೇ ಇದೆ. ಅದರ ಮಾತು ಹೊರಗೆ ಹೋಗದ ಹಾಗೆ ಇನ್ನೊಂದನ್ನು ಕಾವಲಿಗೆ ಕೂರಿಸಿದ್ದೇನೆ ಅಷ್ಟೇ. ಹೊಲಿಗೆ ಬೀಳುವುದಿಲ್ಲ, ಪರಾಗ ಸಾಯುತ್ತದೆ, ಕಾಯಿ ಜೊಳ್ಳಾಗುತ್ತದೆ. ಮಾಮೂಲಿ ಗಿಡದ ಕಾಯಿಯಲ್ಲಿ ಐವತ್ತು ಬೀಜ ಇದ್ದರೆ ಇದರಲ್ಲಿ ಎರಡೋ ಮೂರೋ. ಅದಕ್ಕೇ ಲ್ಯಾಬಿನಲ್ಲಿ ಎಲ್ಲರೂ ಬಂಜೆ ಸಾಲು ಅನ್ನುತ್ತಾರೆ.

ಹೀಗೆ ಬಾಯಿ ಮುಚ್ಚಿಸಿಕೊಂಡೇ ಮೂರು ತಲೆಮಾರು ಕಳೆದರೆ ಗಿಡ ಏನು ಮಾಡುತ್ತದೆ ಅನ್ನುವುದೇ ನನ್ನ ಪ್ರಶ್ನೆ. ನನ್ನ ಡಾಕ್ಟರೇಟ್ ಇದರ ಮೇಲೇ ನಿಂತಿದೆ. ಪ್ರತಿ ಸಲ ಬೀಜ ತೆಗೆದು, ಮುಂದಿನ ನಲವತ್ತು ಗಿಡಗಳನ್ನು ನೀನೇ ಬಿತ್ತಬೇಕು. ಬೀಜ ತೆಗೆಯುವುದನ್ನು ನಿನಗೆ ಹೇಳಿಕೊಟ್ಟರೆ ಮೊಮ್ಮಗಳು ಅಜ್ಜಿಗೆ ಕೆಮ್ಮು ಕಲಿಸಿದ ಹಾಗಾಗುತ್ತದೆ. ಹಾಗಾಗಿ ಅದನ್ನು ನಿನಗೇ ಬಿಟ್ಟಿದ್ದೇನೆ.

ನಿನ್ನ
ಕಡ್ಡಿ

3 ಮೇ 2016

ಕಡ್ಡಿಗೆ,

ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ನಿನ್ನ ಗಿಡ ನೋಡಿದರೆ ಗಾದೆ ಮಾಡಿದವರು ಯಾವತ್ತೂ ಕುಂಡದಲ್ಲಿ ಏನೂ ಬೆಳೆಸಿಲ್ಲ ಅನ್ನಿಸುತ್ತದೆ. ಪಾಪ, ಹೂವೇನೋ ಎಲ್ಲರ ಹಾಗೆ ಬಿಟ್ಟವು. ಕಾಯಿ ಕಟ್ಟುವ ಹೊತ್ತಿಗೆ ಒಣ ಹುಲ್ಲಿನೆಳೆಯಂತೆ ನೆಟ್ಟಗೆ ನಿಂತವು, ಒಳಗೆ ಏನೂ ಇಲ್ಲ. ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಮೊದಲು ಅವುಗಳ ಹತ್ತಿರ ಹೋಗುತ್ತೇನೆ. "ಇರಲಿ ಬಿಡ್ರಮ್ಮ, ಇವತ್ತಲ್ಲ ನಾಳೆ" ಅಂತ ಹೇಳಿ ನೀರು ಹಾಕುತ್ತೇನೆ. ಮೇಲ್ವಿಚಾರಕರು ಕೇಳಿಸಿಕೊಂಡು ನಕ್ಕರು. ನಗಲಿ.

ಹೆದರಬೇಡ. ನಲವತ್ತರಲ್ಲಿ ಆರು ಗಿಡ ಸ್ವಲ್ಪ ಮೈ ತುಂಬಿಕೊಂಡು ಕಾಯಿ ಬಿಟ್ಟಿವೆ. ಅವುಗಳಲ್ಲಿ ಒಳ್ಳೆ ಬೀಜ ಆರಿಸಿ ಮುಂದಿನ ಸಾಲು ಬಿತ್ತಿದ್ದೇನೆ. ನಿನ್ನ ಕೈಗೆ ಜೊಳ್ಳು ಬರುವುದಕ್ಕೆ ಈ ಅತ್ತೆ ಬಿಡುತ್ತಾಳಾ?

ಅತ್ತೆ

20 ಜುಲೈ 2016

ಅತ್ತೆಗೆ,

ನಿನ್ನ ಪತ್ರವನ್ನು ಮೆಟ್ಟಿಲು ಹತ್ತುತ್ತಾ ಓದಿದೆ, ಕ್ಷಮಿಸು. ಮುಂದಿನ ವಾರ ಡಾಕ್ಟರೇಟ್ ಕಮಿಟಿ ಮುಂದೆ ನಿಲ್ಲಬೇಕು. ನಾಲ್ಕು ವರ್ಷ ಆಯಿತು, ಕೈಯಲ್ಲಿ ಏನಿದೆ ಅಂತ ಕೇಳುತ್ತಾರೆ. ಗಿಡಗಳು ಬದುಕಿವೆ ತಾನೇ? ಅಷ್ಟು ಸಾಕು. ಊಟ ಮಾಡುತ್ತಿದ್ದೇನೆ (ಸುಳ್ಳಲ್ಲ).

ಕಡ್ಡಿ

8 ನವೆಂಬರ್ 2016

ಅತ್ತೇ!

ಕೂತುಕೊಂಡು ಓದು. ಮೂರನೇ ತಲೆಮಾರಿನ ಮೊಗ್ಗು ಕಳಿಸಿದೆಯಲ್ಲ, ಅದನ್ನು ಸೂಜಿಯಲ್ಲಿ ಬಿಡಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಮೊದಲ ತಲೆಮಾರಿನಲ್ಲಿ ಅಲ್ಲಿ ಬರೀ ಚೂರುಪಾರು ಇತ್ತು, ಗಾಜಿನ ಲೋಟ ಒಡೆದ ಹಾಗೆ. ಈ ಸಲ ಐದು ಜೋಡಿ. ಅಚ್ಚುಕಟ್ಟಾಗಿ ಐದು ಜೋಡಿ ವರ್ಣತಂತು! ಒಂದೂ ತುಂಡಾಗಿಲ್ಲ. ನೂರಾ ಹನ್ನೆರಡು ಕೋಶ ನೋಡಿದೆ. ಕಾಯಿಯಲ್ಲೂ ನಲವತ್ತರ ಮೇಲೆ ಬೀಜ.

ಅಂದರೆ ಹೊಲಿಯುವವನ ಬಾಯಿ ಮುಚ್ಚಿಸಿದರೂ ಗಿಡ ಇನ್ನೊಬ್ಬನನ್ನು ಎಬ್ಬಿಸಿಕೊಂಡಿದೆ. ಡಿಎನ್ಎ ಹೊಲಿಯುವುದಕ್ಕೆ ಎರಡನೇ ದಾರಿ ಇದೆ ಅತ್ತೆ, ಇದುವರೆಗೆ ಯಾರೂ ನೋಡಿಲ್ಲದ ದಾರಿ. ನಮ್ಮ ಗೈಡ್ ಮೇಡಂ ಯಾವತ್ತೂ ಯಾರ ಬೆನ್ನೂ ತಟ್ಟಿದವರಲ್ಲ. ಅವರು ಬಂದು ಕಣ್ಣಿಟ್ಟು ನೋಡಿ, "ಏ ಹುಡುಗಿ, ಇದನ್ನ ಬೇಗ ಬರಿ" ಅಂದರು. ಡಿಸೆಂಬರಿನ ಸಮ್ಮೇಳನದಲ್ಲಿ ನಾನೇ ಮಾತಾಡುತ್ತೇನೆ.

ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ, ಯಾರಿಗೂ ಹೇಳಬೇಡ.

ಕಡ್ಡಿ

17 ನವೆಂಬರ್ 2016

ನನ್ನ ಬಂಗಾರಕ್ಕೆ,

ನಿನ್ನ ಪತ್ರವನ್ನು ಗಿಡಗಳ ಮುಂದೆ ನಿಂತು ಜೋರಾಗಿ ಓದಿದೆ. ಅವಕ್ಕೂ ಗೊತ್ತಾಗಬೇಕಲ್ಲ. ಮೇಲ್ವಿಚಾರಕರಿಗೂ ಹೇಳಿದೆ, ವ್ಯಾನಿನ ಡ್ರೈವರಿಗೂ ಹೇಳಿದೆ. ಅವನಿಗೇನು ಅರ್ಥ ಆಯಿತೋ, "ಒಳ್ಳೇದಾಯ್ತು ಅಮ್ಮ, ಹೆಣ್ಣಾ ಗಂಡಾ?" ಅಂದ.

ಅವು ಹಾಗಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು ಕಣೆ. ಚೀಟಿ ಬರೆದವರಿಗೆ ಗೊತ್ತಿರಲಿಲ್ಲ ಅಷ್ಟೇ. ನೋಡಿಕೊಳ್ಳುವವರು ಇದ್ದರೆ ಎಲ್ಲವೂ ತುಂಬಿಕೊಳ್ಳುತ್ತವೆ.

ಅತ್ತೆ

9 ಅಕ್ಟೋಬರ್ 2017

ಅತ್ತೆಗೆ,

ಬಹಳ ದಿನ ಬರೆಯಲಿಲ್ಲ. ಪ್ರಬಂಧ ಮೇ ತಿಂಗಳಲ್ಲಿ ಅಚ್ಚಾದದ್ದು ನಿನಗೆ ಗೊತ್ತು.

ಸಮ್ಮೇಳನದಲ್ಲಿ ನನ್ನ ಮಾತು ಕೇಳಿದ ಬೇರೆ ಲ್ಯಾಬಿನವರು ಮೂಲ ಬೀಜ ತೆಗೆದುಕೊಂಡು ಹೋಗಿ ಮೂರು ತಲೆಮಾರು ಬೆಳೆಸಿದ್ದಾರೆ. ಅವರಲ್ಲಿ ಮೂರರಲ್ಲೂ ಹೆಚ್ಚಿನ ಗಿಡಗಳ ಕಾಯಿ ಜೊಳ್ಳು. ವರ್ಣತಂತುಗಳು ಚೂರು ಚೂರು. ಎರಡನೇ ದಾರಿಯ ಸುಳಿವೇ ಇಲ್ಲ ಅಂತ ಮೇಡಂಗೆ ಬರೆದಿದ್ದಾರೆ. ಕಮಿಟಿ ನವೆಂಬರಿನಲ್ಲಿ ಮತ್ತೆ ಸೇರುತ್ತದೆ.

ಒಂದೇ ಪ್ರಶ್ನೆ, ದಾಖಲೆಗೆ ಬೇಕು. ಪ್ರತಿ ತಲೆಮಾರಿನಲ್ಲಿ ಬೀಜವನ್ನು ಯಾವ ಗಿಡಗಳಿಂದ ತೆಗೆದೆ?

ಕಡ್ಡಿ

20 ಅಕ್ಟೋಬರ್ 2017

ಕಡ್ಡಿಗೆ,

ಇಲ್ಲಿ ಹೀಟರ್ ಕೆಟ್ಟು ನಾಲ್ಕು ದಿನ ಆಯಿತು. ರಿಪೇರಿಯವನು ಬಂದು ತಿರುಪು ಬಿಚ್ಚಿಟ್ಟು ಊಟಕ್ಕೆ ಹೋದವನು ಇನ್ನೂ ಬಂದಿಲ್ಲ. ಮೂರನೇ ಸಾಲಿನ ಪೈಪು ಸೋರುತ್ತಿದೆ. ಮೇಲ್ವಿಚಾರಕರಿಗೆ ಹೇಳಿದರೆ ಕಾಗದ ಬರೆದುಕೊಡಿ ಅನ್ನುತ್ತಾರೆ. ಫೆಬ್ರವರಿ ಕೊನೆಗೆ ನನಗೆ ನಿವೃತ್ತಿ, ಆಮೇಲೆ ಇವರಿಗೆಲ್ಲ ಗೊತ್ತಾಗುತ್ತದೆ ನನ್ನ ಬೆಲೆ. ನನ್ನ ಮಂಡಿ ಪರವಾಗಿಲ್ಲ.

ಬೀಜ ಎಲ್ಲಾ ಗಿಡದಿಂದಲೂ ತೆಗೆದೆ. ಬೇರೆಯವರಿಗೆ ಗಿಡ ಬೆಳೆಸುವುದಕ್ಕೆ ಬರುವುದಿಲ್ಲವೇನೋ, ಅದನ್ನು ಯಾರೂ ಯೋಚನೆ ಮಾಡುವುದಿಲ್ಲ.

ಬೆಚ್ಚಗಿರು.

ಅತ್ತೆ

3 ನವೆಂಬರ್ 2017

ಅತ್ತೆಗೆ,

ಸರಿ. ನೀನು ಹೇಳಿದ ಮೇಲೆ ಮುಗಿಯಿತು.

ಉಳಿದ ಮೂರನೇ ತಲೆಮಾರಿನ ಎಲೆಗಳನ್ನು ಅರೆದು ಅಳೆದು ನೋಡಿದೆ. ಜೀನ್ ಮಾತಾಡುತ್ತಿದೆ ಅತ್ತೆ, ಹೆಚ್ಚುಕಡಿಮೆ ಮಾಮೂಲಿ ಗಿಡದಲ್ಲಿ ಇದ್ದಷ್ಟೇ. ಬಾಯಿ ಮುಚ್ಚಿಸಲು ಕೂರಿಸಿದ್ದ ಕಾವಲಿನ ಬಾಯಿಯೇ ಮುಚ್ಚಿಹೋಗಿದೆ. ಕೆಲವು ಗಿಡಗಳಲ್ಲಿ ಹಾಗಾಗುವುದುಂಟು, ಅಂಥವುಗಳ ಕಾಯಿ ತುಂಬಿಕೊಳ್ಳುತ್ತದೆ. ಹೊಲಿದದ್ದು ಹಳೆಯವನೇ. ಎರಡನೇ ದಾರಿ ಅನ್ನುವುದೇ ಇಲ್ಲ.

ಲ್ಯಾಬಿನಲ್ಲಿ ನಾನೇ ಬೀಜದ ಲಕೋಟೆಗಳನ್ನು ಬೆರೆಸಿರಬೇಕು. ಕಮಿಟಿಗೆ ಹಾಗೇ ಬರೆದುಕೊಡುತ್ತೇನೆ, ಇಪ್ಪತ್ತಕ್ಕೆ ಸಭೆ. ನಿನ್ನ ಕಡೆ ಯಾರೂ ಏನೂ ಕೇಳುವುದಿಲ್ಲ. ನೀನು ನೆಮ್ಮದಿಯಾಗಿ ನಿವೃತ್ತಿ ಆಗು. ತಲೆ ಕೆಡಿಸಿಕೊಳ್ಳಬೇಡ.

ಕಡ್ಡಿ

6 ನವೆಂಬರ್ 2017

ಕಡ್ಡಿಗೆ,

ಯಾರ ಲಕೋಟೆ, ಯಾರು ಬೆರೆಸಿದ್ದು? ಚಿಕ್ಕವಳಿದ್ದಾಗ ಗುಂಡಿಗಳನ್ನೂ ಬಣ್ಣದ ಪ್ರಕಾರ ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದವಳು ನೀನು. ನನಗೇ ಸುಳ್ಳು ಹೇಳುತ್ತೀಯ? ನನ್ನನ್ನು ಕಾಪಾಡೋಕೆ ತಾನೇ?

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿನ್ನ ಪ್ರಶ್ನೆ ಓದಿದ ದಿನ ನಾನು ಮುಟ್ಟಿಕೊಂಡದ್ದು ಹಾಗೆಯೇ. ಹೀಟರು, ಪೈಪು, ಮಂಡಿ ಅಂತ ಒಂದು ಪುಟ ತುಂಬಿಸಿ ಕೊನೆಗೆ ಒಂದು ಸಾಲು ಸುಳ್ಳು ಬರೆದೆ. ನಿಜ ಇಲ್ಲಿದೆ. ಮೊದಲ ಸಲ ನಲವತ್ತರಲ್ಲಿ ಆರು ಗಿಡ, ಎರಡನೇ ಸಲ ಒಂಬತ್ತು. ಅವುಗಳಲ್ಲೂ ತುಂಬಿದ ಕಾಯಿಯ ಬೀಜ ಮಾತ್ರ ಬಿತ್ತಿದೆ. ಉಳಿದದ್ದನ್ನು ಗೊಬ್ಬರದ ಗುಂಡಿಗೆ ಹಾಕಿದೆ. ಬುದ್ಧಿ ಬಂದಾಗಿನಿಂದ ಬೀಜ ತೆಗೆದದ್ದೇ ಹಾಗೆ. ಜೊಳ್ಳು ಆರಿಸಿ ಬಿತ್ತುವವರನ್ನು ಎಲ್ಲಾದರೂ ನೋಡಿದ್ದೀಯಾ?

ಅಭ್ಯಾಸ ಅಂತ ಹೇಳಿ ಇಲ್ಲಿಗೆ ನಿಲ್ಲಿಸಬಹುದು. ಅಷ್ಟೇ ಅಲ್ಲ. ಮದುವೆಯಾಗಿ ಏಳು ವರ್ಷ ಆ ಮನೆಯಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ. "ಆ ಬಂಜೆಗೆ ಹೇಳು ನೀರು ಕಾಯಿಸೋಕೆ" ಅಂತ ನನ್ನೆದುರಿಗೇ ಬೇರೆಯವರಿಗೆ ಹೇಳುತ್ತಿದ್ದರು. ಕೊನೆಗೆ ಒಂದು ಪೆಟ್ಟಿಗೆ ಕೊಟ್ಟು ಕಳಿಸಿದರು. ಆಮೇಲೆ ಈ ಕೆಲಸ ಸಿಕ್ಕಿತು. ನಿನ್ನಮ್ಮ ತೀರಿಕೊಂಡಳು, ಅಣ್ಣ ಹಡಗಿನ ಅಡುಗೆ ಕೆಲಸಕ್ಕೆ ಹೋಗುವಾಗ ನಿನ್ನನ್ನು ನನ್ನ ಕೈಗೆ ಕೊಟ್ಟ, ಆ ಪದ ಮರೆತೇಹೋಯಿತು ಅಂದುಕೊಂಡಿದ್ದೆ. ನಿನ್ನ ಮುದ್ದಾದ ಅಕ್ಷರದಲ್ಲಿ ಅದೇ ಪದ ನಲವತ್ತು ಸಲ ಬಂತು. ಶಾಯಿ ಅಳಿಯುತ್ತದೆ ಅಂತ ತಿರುಗಿಸಿಟ್ಟೆ ಅಂದದ್ದೂ ಸುಳ್ಳೇ. ನೋಡೋಕಾಗಲಿಲ್ಲ ಕಣೆ. ಈ ಗಿಡಗಳಿಂದ ತುಂಬಿದ ಕಾಯಿ ತೆಗೆದೇ ಕಳಿಸುತ್ತೇನೆ ಅಂತ ಹಟ ಬಂತು. ಹಟದಲ್ಲಿ ನಿನ್ನ ಐದು ವರ್ಷ ಮಣ್ಣು ಮಾಡಿದೆ.

ಇದನ್ನೆಲ್ಲ (ಮನೆ ವಿಷಯ ಬಿಟ್ಟು) ನಿಮ್ಮ ಮೇಡಂಗೂ ಬರೆದು ಇದೇ ವ್ಯಾನಿನಲ್ಲಿ ಹಾಕಿದ್ದೇನೆ. ನನ್ನ ತಪ್ಪನ್ನು ನಿನ್ನ ಹೆಸರಿಗೆ ಬರೆದುಕೊಳ್ಳೋಕೆ ನೀನು ಯಾರು? ಇಪ್ಪತ್ತೊಂಬತ್ತು ವರ್ಷ ಇಲ್ಲಿ ಮಾಡಿದ ಒಳ್ಳೆ ಕೆಲಸಕ್ಕೆಲ್ಲ ಬೇರೆಯವರ ಹೆಸರೇ ಬಿತ್ತು. ತಪ್ಪಿಗಾದರೂ ನನ್ನ ಹೆಸರು ಬೀಳಲಿ.

ಅತ್ತೆ

21 ನವೆಂಬರ್ 2017

ಅತ್ತೆಗೆ,

ನಿನ್ನೆ ಸಭೆ ಆಯಿತು. ಮೇಡಂ ನಿನ್ನ ಪತ್ರವನ್ನು ಮೊದಲಿಂದ ಕೊನೆವರೆಗೆ ಓದಿದರು. ಉದ್ದ ಮೇಜಿನ ಆಚೆ ನಾಲ್ಕು ಜನ ಹಿರಿಯರು, ಈಚೆ ನಾನು. ಓದಿ ಮುಗಿಸಿದ ಮೇಲೆ ಅವರು ನಿನ್ನ ಬಗ್ಗೆ ಒಂದು ಮಾತೂ ಆಡಲಿಲ್ಲ. ನನ್ನನ್ನೇ ನೋಡಿದರು.

"ಬೀಜ ಆರಿಸದೆ ಎಲ್ಲಾ ಗಿಡದಿಂದ ತೆಗೀಬೇಕು ಅಂತ ಬರೆದುಕೊಟ್ಟಿದ್ದೆಯಾ?" ಅಂತ ಕೇಳಿದರು.

"ಇಲ್ಲ ಮೇಡಂ."

"ಮೂರನೇ ತಲೆಮಾರಲ್ಲಿ ಜೀನ್ ಸುಮ್ಮನಿದೆಯಾ ಅಂತ ಅಳೆದೆಯಾ?"

"ಮೊದಲನೇದರಲ್ಲಿ ಅಳೆದಿದ್ದೆ. ಆಮೇಲೆ ಅಳೀಲಿಲ್ಲ."

"ಯಾಕೆ?"

"ಕಾಯಿ ತುಂಬಿದ್ದು ನೋಡಿ ಸಂತೋಷ ಆಯ್ತು. ಆಮೇಲೆ ಅಳೆಯೋಕೆ ಮನಸ್ಸು ಬರಲಿಲ್ಲ" ಅಂದೆ.

ನೋಡಿದೆಯಾ ಅತ್ತೆ? ನೀನು ಮಾಡಿದ್ದನ್ನೇ ನಾನೂ ಮಾಡಿದೆ. ನೀನು ತುಂಬಿದ ಕಾಯಿ ಆರಿಸಿದೆ, ನಾನು ತುಂಬಿದ ಉತ್ತರ ಆರಿಸಿದೆ. ನಿನಗೆ ಅದು ತಪ್ಪು ಅಂತ ಯಾರೂ ಕಲಿಸಿರಲಿಲ್ಲ. ನನಗೆ ಐದು ವರ್ಷದಿಂದ ಕಲಿಸುತ್ತಲೇ ಇದ್ದಾರೆ. ಇನ್ನೊಂದು ವಿಷಯ. ಅಕ್ಟೋಬರಿನಲ್ಲಿ ನಿನ್ನನ್ನು ಕೇಳುವ ಮುಂಚೆಯೇ ನನಗೆ ಗೊತ್ತಿತ್ತು. ನಿನ್ನ ಹಳೆಯ ಪತ್ರ ತೆಗೆದು ನೋಡಿದ್ದೆ. "ಒಳ್ಳೆ ಬೀಜ ಆರಿಸಿ" ಅಂತ ನೀನೇ ಸ್ಪಷ್ಟವಾಗಿ ಬರೆದಿದ್ದೆ. ಮೆಟ್ಟಿಲ ಮೇಲೆ ಓದಿದವಳಿಗೆ ಕಾಣಿಸಲಿಲ್ಲ. ಗೊತ್ತಿದ್ದೂ ಕೇಳಿ ನಿನ್ನಿಂದ ಸುಳ್ಳು ಹೇಳಿಸಿದೆ. ಅದಕ್ಕೆ ನನಗೆ ನಾಚಿಕೆ ಆಗುತ್ತಿದೆ.

ಲಕೋಟೆ ಬೆರೆಸಿದೆ ಅಂತ ನಾನು ಬರೆದುಕೊಟ್ಟಿದ್ದ ಕಾಗದವನ್ನು ಮೇಡಂ ನನ್ನ ಮುಂದೆ ತಳ್ಳಿದರು. "ಅಜಾಗರೂಕತೆಗೆ ಒಂದು ವರ್ಷ ಕೊಡ್ತೀನಿ. ಸುಳ್ಳಿಗೆ ಒಂದು ದಿನಾನೂ ಕೊಡಲ್ಲ. ಇದನ್ನ ವಾಪಸ್ ತಗೊಂಡು ಹೋಗು" ಅಂದರು. ಪ್ರಬಂಧವನ್ನು ಹಿಂದಕ್ಕೆ ಪಡೆಯುತ್ತೇವೆ. ಅದರ ಕಾರಣ ಹೇಳುವ ಟಿಪ್ಪಣಿಯಲ್ಲಿ, ಬೀಜ ಆರಿಸಿದವರು ಅಂತ ನಿನ್ನ ಹೆಸರು, ಹೇಗೆ ಆರಿಸಬೇಕು ಅಂತ ಹೇಳದವರು ಅಂತ ನನ್ನ ಹೆಸರು, ಎರಡೂ ಇರುತ್ತವೆ. ನೀನು ಕೇಳಿದ್ದಕ್ಕೇ ಹಾಕಿಸಿದೆ.

ಇನ್ನು ಆ ಪದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ನೀನು ಬೈಯಲೂ ಇಲ್ಲ. ನಿನ್ನ ಮಡಿಲಲ್ಲಿ ಕೂತು ಅಕ್ಷರ ಕಲಿತ ಕೈಯಲ್ಲಿ ಅದನ್ನು ನಲವತ್ತು ಸಲ ಬರೆದೆ, ಒಂದು ಸಲವೂ ನಿನ್ನ ನೆನಪಾಗಲಿಲ್ಲ. ತಪ್ಪಾಯಿತು ಅತ್ತೆ.

ಮೂಲ ಬೀಜ ಫ್ರಿಜ್ಜಿನಲ್ಲಿ ಇನ್ನೂ ಸ್ವಲ್ಪ ಇದೆ, ಈ ಪತ್ರದ ಜೊತೆ ಇಟ್ಟಿದ್ದೇನೆ. ಮತ್ತೆ ಮೊದಲಿಂದ ಬೆಳೆಸಬೇಕು. ಈ ಸಲ ಯಾವುದನ್ನೂ ಆರಿಸುವ ಹಾಗಿಲ್ಲ. ಪ್ರತಿ ಗಿಡದಿಂದ ಕೆಳಗಿನ ಹತ್ತು ಕಾಯಿ, ತುಂಬಿರಲಿ ಬಿಡಲಿ, ಬಿಡಿಸಿ ಎಣಿಸಬೇಕು. ಏನೂ ಇಲ್ಲದ್ದಕ್ಕೆ ಸೊನ್ನೆ ಅಂತ ಬರೆಯಬೇಕು. ಆ ಸೊನ್ನೆಗಳಿಲ್ಲದೆ ಆ ಜೀನಿನ ಕೆಲಸ ಏನು ಅಂತ ಗೊತ್ತಾಗುವುದೇ ಇಲ್ಲ. ನಿನಗೆ ಇದು ಕಷ್ಟವಾದರೆ ಹೇಳು, ಬೇರೆಯವರಿಗೆ ಕೊಡುತ್ತಾರೆ. ಯಾರೂ ತಪ್ಪು ತಿಳಿಯುವುದಿಲ್ಲ, ನಾನಂತೂ ತಿಳಿಯುವುದಿಲ್ಲ.

ನಿನ್ನ
ಕಡ್ಡಿ

22 ಫೆಬ್ರವರಿ 2018

ಕಡ್ಡಿಗೆ,

ಮೂರು ತಿಂಗಳು ಬರೆಯಲಿಲ್ಲ ಅಂತ ಮುನಿಸಿಕೊಂಡಿರಬೇಕು. ಮೊದಲ ಹದಿನೈದು ದಿನ ನನಗೂ ಮುನಿಸಿತ್ತು. ಬೀಜದ ಪೊಟ್ಟಣವನ್ನು ಡ್ರಾಯರಿನಲ್ಲಿಟ್ಟು, ಬೇರೆಯವರೇ ಮಾಡಲಿ ಅಂದುಕೊಂಡೆ. ಆಮೇಲೆ ಬೇರೆಯವರ ಕೈಯಲ್ಲಿ ಅವುಗಳ ಗತಿ ಏನು ಅನ್ನಿಸಿ ಬಿತ್ತಿದೆ.

ಮೊನ್ನೆ ಬೆಳಿಗ್ಗೆ ಎಣಿಸಲು ಕೂತೆ. ಕಿಟಕಿ ಪಕ್ಕ ಮೇಜು, ಭೂತಗನ್ನಡಿ, ನನ್ನ ಹೊಲಿಗೆ ಸೂಜಿ. ನಲವತ್ತು ಗಿಡ, ನಾನೂರು ಕಾಯಿ, ಮೂರು ದಿನ. ಮೊದಲನೇ ಗಿಡದಲ್ಲಿ ಎರಡು, ಸೊನ್ನೆ, ಮೂರು, ಸೊನ್ನೆ. ಆರನೇ ಗಿಡದಲ್ಲಿ ಹತ್ತಕ್ಕೆ ಹತ್ತೂ ಸೊನ್ನೆ. ಅಲ್ಲಿ ಕೈ ನಿಂತುಹೋಯಿತು. ಪಕ್ಕದ ಗಿಡದಲ್ಲಿ ತುಂಬಿದ ಕಾಯಿಗಳು ಕಾಣಿಸುತ್ತಿದ್ದವು, ಒಂದನ್ನು ಕಿತ್ತು ಈ ಸಾಲಿಗೆ ಸೇರಿಸಿದರೆ ಯಾರು ನೋಡುತ್ತಾರೆ ಅನ್ನಿಸಿತು. ನಿನ್ನಾಣೆ, ಅನ್ನಿಸಿತು. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಸೊನ್ನೆ ಬರೆದೆ. ಒಟ್ಟು ನೂರಾ ಮೂವತ್ತೊಂದು ಸೊನ್ನೆ. ಯಾವುದಕ್ಕೂ ಸಮಾಧಾನ ಹೇಳಲಿಲ್ಲ, ಯಾವುದಕ್ಕೂ ಬೈಯಲಿಲ್ಲ. ಬರೆಯುತ್ತಾ ಬರೆಯುತ್ತಾ ಅಳು ಬಂತು, ಆಮೇಲೆ ಅದೂ ನಿಂತಿತು. ಏಳು ವರ್ಷದಲ್ಲಿ ಆ ಮನೆಯಲ್ಲಿ ಒಬ್ಬರಾದರೂ ಹೀಗೆ ಸುಮ್ಮನೆ ಕೂತು ನನ್ನನ್ನು ನೋಡಿದ್ದರೆ ಅಂತ ಅಂದುಕೊಂಡೆ.

ಚೀಟಿಯ ಮೇಲೆ ಈಗ ನಂಬರು ಮಾತ್ರ ಇದೆ. ಇನ್ನೆರಡು ತಲೆಮಾರು ಬೆಳೆಸುವವರೆಗೆ ನನ್ನನ್ನು ಇಟ್ಟುಕೊಳ್ಳಿ ಅಂತ ಅರ್ಜಿ ಹಾಕಿದ್ದೆ. ಮೇಲ್ವಿಚಾರಕರು ಸಹಿ ಮಾಡಿ ತಂದುಕೊಟ್ಟರು. ಹೋಗುವಾಗ ಮೇಜಿನ ಮೇಲಿದ್ದ ಖಾಲಿ ಕಾಯಿಗಳನ್ನು ನೋಡಿ, "ಇದು ಕಸಕ್ಕಾ ಅಮ್ಮ?" ಅಂತ ಕೈ ಹಾಕಿದರು.

"ಮುಟ್ಟಬೇಡಿ ಸಾರ್" ಅಂದೆ. "ಅವೂ ಲೆಕ್ಕದಲ್ಲಿವೆ."

ಒಂದೊಂದಕ್ಕೂ ಒಂದೊಂದು ಪೊಟ್ಟಣ ಮಾಡಿ ನಂಬರು ಹಾಕಿ ಕಳಿಸುತ್ತಿದ್ದೇನೆ. ಹುಷಾರಾಗಿ ಬಿಚ್ಚು.

ಅತ್ತೆ